ಹಳದಿ ದೀಪದ ಗಾಳಿ ಸಮಾಚಾರ

ಪೆಟ್ರೋಲ್ ಬಂಕಿನಲ್ಲಿ ಪುಕ್ಕಟೆ ಸಿಗುವುದು ಗಾಳಿ. ಅದಕ್ಕೇ ಇರಬೇಕು, ಅದನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಲಕ್ಷಗಟ್ಟಲೆ ಕೊಟ್ಟು ಎಸ್‌ಯುವಿ ತಂದವರು ಬಾನೆಟ್ ಮೇಲೆ ಕಾಗೆ ಹಿಕ್ಕೆ ಬಿದ್ದರೆ ಓಡಿ ಬಂದು ಒರೆಸುತ್ತಾರೆ. ಗಾಳಿ ನೋಡಿಸುವುದು ಮಾತ್ರ ಮುಂದಿನ ವಾರ. ಅದೇ ನೈಟ್ರೋಜನ್ ಅಂತ ದುಡ್ಡು ತೆಗೆದುಕೊಂಡರೆ ಮರ್ಯಾದೆ ಬರುತ್ತದೆ. ಸುಮ್ನೆ ಸಿಗುವ ಗಾಳಿಯಲ್ಲೂ ನೂರಕ್ಕೆ 78 ಪಾಲು ನೈಟ್ರೋಜನ್ನೇ ಅಲ್ವಾ?

ನಾವು ನೋಡುವುದಿಲ್ಲ ಅಂತ ಈಗ ಕಾರೇ ಹೇಳತೊಡಗಿದೆ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ಟಯರಿನ ಚಿತ್ರ, ನಡುವೆ ಆಶ್ಚರ್ಯಸೂಚಕ ಚಿಹ್ನೆ. ಆಶ್ಚರ್ಯ ಪಡುವುದು ಕಾರು ಮಾತ್ರ, ನಾವಲ್ಲ. ಮಂಗಳೂರಿನ ಡಿಸೆಂಬರಿನಲ್ಲಿ ಇದರ ನಾಟಕ ನೋಡಬೇಕು. ಹತ್ತು ಡಿಗ್ರಿ ತಂಪಾದರೆ ಟಯರಿನ ಒತ್ತಡ ಸುಮಾರು 2 ಪಿಎಸ್‌ಐ (ಗಾಳಿಯ ಒತ್ತಡ ಅಳೆಯುವ ಲೆಕ್ಕ) ಇಳಿಯುತ್ತದೆ. ಮೊದಲೇ ಗಾಳಿ ಕಡಿಮೆಯಿದ್ದರೆ ಬೆಳಗ್ಗೆ ದೀಪ ಹತ್ತುತ್ತದೆ. ನಂತೂರು ದಾಟುವಷ್ಟರಲ್ಲಿ ಟಯರ್ ಬಿಸಿಯಾಗಿ ದೀಪ ಆರಿದರೂ ಆರಿತು. "ಸರಿಯಾಯ್ತು ಮಾರಾಯ್ರೆ!" ಎಂತ ಸರಿಯಾದದ್ದು? ಅಳೆಯಬೇಕಾದದ್ದು ತಣ್ಣಗಿದ್ದಾಗ. ಎಷ್ಟಿರಬೇಕು ಅಂತ ಡ್ರೈವರ್ ಬಾಗಿಲ ಬಳಿ ಚೀಟಿ ಅಂಟಿಸಿರುತ್ತಾರೆ. ಟಯರಿನ ಮೇಲೆ ಬರೆದಿರುವುದು ಅದು ತಡೆಯುವ ಗರಿಷ್ಠ ಒತ್ತಡ.

ದೀಪವೂ ಪೂರ್ತಿ ನಂಬಿಕಸ್ಥ ಅಲ್ಲ. ಎಷ್ಟೋ ಕಾರುಗಳಲ್ಲಿ ಗಾಳಿ ಕಾಲು ಭಾಗ ಇಳಿದ ಮೇಲೆಯೇ ಅದು ಹತ್ತುವುದು. ಇನ್ನು ಕೆಲವಕ್ಕೆ ಚಕ್ರದೊಳಗೆ ಸೆನ್ಸರೇ ಇಲ್ಲ. ಗಾಳಿ ಇಳಿದ ಚಕ್ರ ಕೊಂಚ ಗಿಡ್ಡವಾಗಿ ಜಾಸ್ತಿ ಸುತ್ತುತ್ತದೆ, ಉಳಿದವುಗಳ ಜೊತೆ ಹೋಲಿಸಿ ಕಾರು ಅದನ್ನು ಪತ್ತೆ ಹಚ್ಚುತ್ತದೆ. ನಾಲ್ಕೂ ಸಮವಾಗಿ ಇಳಿದರೆ? ಮನೆಮಂದಿಯೆಲ್ಲ ಒಟ್ಟಿಗೆ ಸೊರಗಿದ ಹಾಗೆ, ಯಾರಿಗೂ ಗೊತ್ತಾಗುವುದಿಲ್ಲ.

ಟಯರ್ ಬದಲಿಸುವ ಹೊತ್ತಿಗೆ ಇನ್ನೊಂದು ಮೋಹ. "ಗುಡ್ಡೆ ಹತ್ತುವ ಟಯರ್ ಹಾಕುವ ಸರ್, ಭಾರೀ ಲಾಯ್ಕ ಕಾಣ್ತದೆ." ದಪ್ಪ ದಪ್ಪ ರಬ್ಬರ್ ಗಟ್ಟಿಗಳಿರುವ ಆಲ್ ಟೆರೇನ್. ಕಾಣುವುದು ಲಾಯ್ಕವೇ. ಆದರೆ ನಮ್ಮ ಗುಡ್ಡೆಗಳಿಗೂ ಕಾಂಕ್ರೀಟ್ ರಸ್ತೆ ಉಂಟಲ್ಲ. ನಮಗೆ ಎದುರಾಳಿ ನೀರು. ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುವ ಊರು. ಜೂನ್‌ನಲ್ಲಿ ಸುರತ್ಕಲ್ಲಿನಿಂದ ಪಡುಬಿದ್ರಿ, ಕಾಪು ದಾಟಿ ಉಡುಪಿಗೆ ಹೋಗುವಾಗ ಬೇಕಾದದ್ದು ನೀರನ್ನು ಬೇಗ ಆಚೆ ತಳ್ಳುವ ಗೀರುಗಳು. ನನ್ನ ಓಟು ಸಾದಾ ಹೈವೇ ಟಯರಿಗೆ. ಗೀರಿನ ಆಳ 1.6 ಮಿಲಿಮೀಟರಿಗೆ ಸವೆದರೆ ಟಯರಿನ ಆಯಸ್ಸು ಮುಗಿಯಿತು ಅನ್ನುತ್ತಾರೆ. ಕರಾವಳಿಯವರು ಅಲ್ಲಿವರೆಗೆ ಕಾಯುವುದು ಬೇಡ, 3 ಮಿಲಿಮೀಟರಿಗೇ ಅಂಗಡಿ ಹುಡುಕಲಿ. ಹೊಸತು ಕೊಳ್ಳುವಾಗ ಟಯರಿನ ಬದಿಯಲ್ಲಿ DOT ಅಂತ ಶುರುವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ನೋಡಿಕೊಳ್ಳಿ. 2324 ಅಂತಿದ್ದರೆ 2024ರ 23ನೇ ವಾರ ತಯಾರಾದದ್ದು. ಎರಡೇ ಹೊಸತು ಹಾಕಿಸುವುದಾದರೆ ಹಿಂದಕ್ಕೆ ಹಾಕಿಸಿ. ಮಳೆಯಲ್ಲಿ ಹಿಂಭಾಗ ಜಾರಿದರೆ ಗಾಡಿಯನ್ನು ಹಿಡಿತಕ್ಕೆ ತರುವುದು ಕಷ್ಟ.

ಸ್ಟೆಪ್ನಿಯ ಕಥೆಯೇ ಬೇರೆ. ಬಹಳಷ್ಟು ಕಾರುಗಳಲ್ಲಿ ಅದಕ್ಕೆ ಸೆನ್ಸರೂ ಇಲ್ಲ, ದೀಪವೂ ಇಲ್ಲ. ಅದರಲ್ಲಿ ಗಾಳಿ ಉಂಟಾ ಇಲ್ವಾ ಅಂತ ಗೊತ್ತಾಗುವುದು ಪಂಕ್ಚರ್ ಆದ ದಿನವೇ, ಅದೂ ಶಿರಾಡಿ ಘಾಟಿಯಲ್ಲಿ, ಮಳೆ ಹೊಯ್ಯುವಾಗ.