ಟ್ಯುನೀಷಿಯಾವನ್ನು ಎಲ್ಲಿ ಇಡುತ್ತೀರಿ?

ಪಶ್ಚಿಮ ಮತ್ತು ಇಸ್ಲಾಮಿನ ಮೌಲ್ಯಗಳನ್ನು ಹೋಲಿಸುವ ಒಂದು ಲೇಖನ ಓದಿದೆ. ಪಶ್ಚಿಮದ್ದು ಸಮಾನತೆ, ಇಸ್ಲಾಮಿನದ್ದು ವಿಧೇಯತೆ, ಎರಡೂ ಎಂದಿಗೂ ಸೇರುವುದಿಲ್ಲ ಅಂತ ಅದರ ಲೇಖಕರು ತೀರ್ಪು ಕೊಟ್ಟುಬಿಟ್ಟಿದ್ದಾರೆ. ಅಷ್ಟು ಸುಲಭವಾ?

ಆಸ್ತಿ ವಿಷಯವನ್ನೇ ನೋಡಿ. ಇಂಗ್ಲೆಂಡಿನಲ್ಲಿ ಮದುವೆಯಾದ ಹೆಂಗಸು ತನ್ನ ಹೆಸರಿನಲ್ಲಿ ಪೂರ್ತಿಯಾಗಿ ಆಸ್ತಿ ಇಟ್ಟುಕೊಳ್ಳಲು 1882ರ ಕಾನೂನು ಬರಬೇಕಾಯಿತು. ಇಸ್ಲಾಮಿನ ಕಾನೂನಿನಲ್ಲಿ ಹೆಂಡತಿಯ ಆಸ್ತಿ ಮೊದಲಿನಿಂದಲೂ ಹೆಂಡತಿಯದ್ದೇ. ಹಾಗಂತ ಅಲ್ಲಿ ಎಲ್ಲವೂ ಸರಿಯಿದೆ ಅಂತಲ್ಲ. ತಂದೆಯ ಆಸ್ತಿಯಲ್ಲಿ ಮಗಳಿಗೆ ಮಗನ ಅರ್ಧ ಪಾಲು. ಇದನ್ನು ಬದಲಿಸಲು ಉತ್ತರ ಆಫ್ರಿಕಾದ ಮುಸ್ಲಿಂ ದೇಶ ಟ್ಯುನೀಷಿಯಾದ ಆಗಿನ ಅಧ್ಯಕ್ಷ ಎಸೆಬ್ಸಿ 2018ರಲ್ಲಿ ಹೊರಟರು. ವಿರೋಧ ಜೋರಾಯಿತು, ಮಸೂದೆ ಪಾಸಾಗಲೇ ಇಲ್ಲ. ಆದರೆ ಅದೇ ದೇಶ 1956ರಲ್ಲೇ ಬಹುಪತ್ನಿತ್ವ ನಿಷೇಧಿಸಿತ್ತು. 1846ರಲ್ಲಿ, ಅಮೆರಿಕಕ್ಕಿಂತ ಸುಮಾರು 20 ವರ್ಷ ಮೊದಲೇ, ಗುಲಾಮಗಿರಿ ರದ್ದು ಮಾಡಿತ್ತು. ಸೌದಿ ಅರೇಬಿಯಾದಲ್ಲಿ ಅದಕ್ಕೆ 1962ರವರೆಗೆ ಕಾಯಬೇಕಾಯಿತು. ಎರಡೂ ಮುಸ್ಲಿಂ ದೇಶಗಳೇ ಅಲ್ವಾ?

ವೋಟಿನ ಕಥೆ ಇನ್ನೂ ಮಜವಾಗಿದೆ. ಟರ್ಕಿ 1926ರಲ್ಲಿ ಸ್ವಿಟ್ಜರ್ಲೆಂಡಿನ ಸಿವಿಲ್ ಕಾನೂನನ್ನೇ ಎತ್ತಿ ತಂದು ಜಾರಿ ಮಾಡಿತು. 1934ರಲ್ಲಿ ಹೆಂಗಸರಿಗೆ ಸಂಸತ್ ಚುನಾವಣೆಯ ವೋಟು ಕೊಟ್ಟಿತು. ಕಾನೂನು ಸಾಲ ಕೊಟ್ಟ ಸ್ವಿಟ್ಜರ್ಲೆಂಡ್ ಅದೇ ಹಕ್ಕು ಕೊಟ್ಟದ್ದು 1971ರಲ್ಲಿ!

ಒಂದು ಮಾತು ಲೇಖಕರದ್ದೇ ಸರಿ. ಧರ್ಮ ಬಿಡುವ ಸ್ವಾತಂತ್ರ್ಯದಲ್ಲಿ ಹಲವು ಮುಸ್ಲಿಂ ದೇಶಗಳು ತುಂಬಾ ಹಿಂದಿವೆ. ಸೌದಿಯಲ್ಲಿ ಅದಕ್ಕೆ ಮರಣದಂಡನೆಯನ್ನೂ ಕೊಡಬಹುದು. ಇದನ್ನು ಸುಮ್ನೆ ಸಂಸ್ಕೃತಿಯ ವ್ಯತ್ಯಾಸ ಅಂತ ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಆದರೆ ಟ್ಯುನೀಷಿಯಾದ 2014ರ ಸಂವಿಧಾನ ಮನಸ್ಸಾಕ್ಷಿಯ ಸ್ವಾತಂತ್ರ್ಯವನ್ನು, ಅಂದರೆ ಏನನ್ನು ನಂಬಬೇಕು, ನಂಬಬಾರದು ಅಂತ ತಾನೇ ತೀರ್ಮಾನಿಸುವ ಹಕ್ಕನ್ನು, ಬರೆದಿಟ್ಟಿತ್ತು. ಇಸ್ಲಾಮಿಸ್ಟ್ (ಇಸ್ಲಾಂ ಆಧಾರದ ರಾಜಕೀಯದ) ಪಕ್ಷವಾದ ಎನ್ನಹ್ದಾ ಕೂಡ ಅದಕ್ಕೆ ವೋಟು ಹಾಕಿತ್ತು. ಲೇಖನದಲ್ಲಿ ಇದರ ಸುದ್ದಿಯೇ ಇಲ್ಲ.