ರೋಗಕ್ಕೆ ನಾಮಕರಣ, ರೋಗಿಗೆ ರೆಫರಲ್

ಉತ್ತರ ಕನ್ನಡ ಜಿಲ್ಲೆಯಲ್ಲಿ ವೈದ್ಯಕೀಯ ಸೌಲಭ್ಯವಿಲ್ಲ ಎಂದು ಗೋಳಾಡುವವರು ಕೃತಘ್ನರು. ಇಲ್ಲಿ ಯಾವ ರೋಗಿಯೂ ಬರಿಗೈಯಲ್ಲಿ ಮನೆಗೆ ಮರಳುವುದಿಲ್ಲ. ಗುಣವಾಗದಿದ್ದರೆ ಹೋಗಲಿ, ಒಂದು ಹೆಸರನ್ನಾದರೂ ಹೊತ್ತು ತರುತ್ತಾನೆ. ತಲೆನೋವು ಎಂದು ಹೋದವನು ಸೆಫಾಲ್ಜಿಯಾ ಪಡೆದು ಬರುತ್ತಾನೆ. ಸೊಂಟ ಹಿಡಿದುಕೊಂಡು ಬಸ್ಸು ಹತ್ತಿದ ಅಡಿಕೆ ತೋಟದ ಯಜಮಾನರು ಲಂಬ್ಯಾಗೋ ಹಿಡಿದುಕೊಂಡು ಇಳಿಯುತ್ತಾರೆ. ಗ್ರೀಕಿನಲ್ಲಿ ಕೆಫಲೆ ಎಂದರೆ ತಲೆ, ಆಲ್ಗೋಸ್ ಎಂದರೆ ನೋವು. ಲ್ಯಾಟಿನ್ನಿನ ಲುಂಬುಸ್ ಎಂದರೆ ಸೊಂಟ. ನಾವು ಕನ್ನಡದಲ್ಲಿ ಒಪ್ಪಿಸಿದ ದೂರನ್ನೇ ಗ್ರೀಕಿಗೆ ತಿರುಗಿಸಿ ನಮಗೆ ಮರಳಿ ಮಾರುವ ಈ ವ್ಯವಹಾರದಲ್ಲಿ ಇಬ್ಬರಿಗೂ ಸಮಾಧಾನ. ‘ಊಟ ಅರಗುವುದಿಲ್ಲ ಡಾಕ್ಟರೇ’ ಎಂದರೆ ‘ನಿಮಗೆ ಡಿಸ್ಪೆಪ್ಸಿಯಾ ಆಗಿದೆ’ ಎನ್ನುತ್ತಾರೆ. ಅದರ ಅರ್ಥ, ನಿಮಗೆ ಊಟ ಅರಗುವುದಿಲ್ಲ. ಕೂದಲು ಉದುರುತ್ತದೆ ಎಂದವನಿಗೆ ಅಲೋಪೇಸಿಯಾ ಸಿಗುತ್ತದೆ. ಗ್ರೀಕರು ಮೈಯ ರೋಮ ಉದುರಿಸಿಕೊಂಡ ನರಿಯನ್ನು ನೋಡಿ ಇಟ್ಟ ಹೆಸರು ಅದು. ಅಲೋಪೆಕ್ಸ್ ಎಂದರೆ ನರಿ. ಬೋಳುತಲೆಯವನನ್ನು ನೇರವಾಗಿ ನರಿ ಎಂದಿದ್ದರೆ ಕ್ಲಿನಿಕ್ಕಿನ ಗಾಜು ಉಳಿಯುತ್ತಿರಲಿಲ್ಲ.

ಹೆಸರು ಗೊತ್ತಾದರೆ ಕಾಯಿಲೆ ಅರ್ಧ ವಾಸಿಯಾದಂತೆ ಎಂಬುದು ನಮ್ಮ ಕಡೆಯ ನಂಬಿಕೆ. ಉಳಿದರ್ಧಕ್ಕೆ ಮಣಿಪಾಲಕ್ಕೆ ಹೋಗಬೇಕು. ಕನ್ನಡದಲ್ಲಿ ನಾಮ ಇಡುವುದಕ್ಕೂ ನಾಮ ಹಾಕುವುದಕ್ಕೂ ಒಂದು ಕ್ರಿಯಾಪದದಷ್ಟೇ ಅಂತರ.

ಶಿರಸಿಯ ಹತ್ತಿರದ ಹಳ್ಳಿಯ ಮನೆಯೊಂದರ ಜಗುಲಿಯಲ್ಲಿ ಹಿರಿಯರೊಬ್ಬರ ಡಿಸ್ಚಾರ್ಜ್ ಹಾಳೆಯ ಸಾಮೂಹಿಕ ಪಾರಾಯಣ ನಡೆದಾಗ ನಾನೂ ಎಲೆಯಡಿಕೆ ಕವಳದ ಬಟ್ಟಲಿನ ಪಕ್ಕ ಕುಳಿತಿದ್ದೆ. ಮೊದಲು ಪ್ಲಾಸ್ಟಿಕ್ ಚೀಲದಿಂದ ಎಕ್ಸ್‌ರೇ ಹೊರಬಂದಿತು. ನಾಲ್ಕು ಜನ ಅದನ್ನು ಅಂಗಳದ ಬೆಳಕಿಗೆ ಹಿಡಿದು ನೋಡಿದರು, ಒಬ್ಬರು ತಲೆಕೆಳಗಾಗಿ. ನಾಲ್ವರೂ ತಲೆದೂಗಿದರು. ಆಮೇಲೆ ಬೆಂಗಳೂರಿನಿಂದ ಬಂದಿದ್ದ ಮೊಮ್ಮಗ ಹಾಳೆಯನ್ನು ಗಟ್ಟಿಯಾಗಿ ಓದತೊಡಗಿ ‘ಇಡಿಯೋಪ್ಯಾಥಿಕ್’ ಎಂಬಲ್ಲಿಗೆ ಬಂದು ನಿಂತ. ‘ಏನು, ಇಡಿಯಟ್ಟೇ?’ ಎಂದು ಹಿರಿಯರು ಕವಳ ಉಗುಳಿ ಕೇಳಿದರು. ಹಾಗಲ್ಲ, ಕಾಯಿಲೆಯ ಕಾರಣ ಗೊತ್ತಿಲ್ಲ ಎಂದು ಅರ್ಥ ಎಂದು ಮೊಮ್ಮಗ ಮೊಬೈಲ್ ನೋಡಿ ಸಮಜಾಯಿಷಿ ಕೊಟ್ಟ. ‘ಗೊತ್ತಿಲ್ಲದೆ ಇರುವುದು ಅವರಿಗೆ, ಇಡಿಯಟ್ ನಾನೇ?’

ಹಿರಿಯರ ಕಿವಿ ಚುರುಕಾಗಿಯೇ ಇದೆ. ಎರಡೂ ಪದಗಳು ಒಂದೇ ತಾಯಿಯ ಮಕ್ಕಳು. ಗ್ರೀಕಿನ ಇಡಿಯೋಸ್ ಎಂದರೆ ಸ್ವಂತದ್ದು, ತನ್ನಷ್ಟಕ್ಕೆ ಇರುವುದು. ಊರ ಉಸಾಬರಿಗೆ ಬಾರದೆ ತನ್ನ ಪಾಡಿಗೆ ತಾನಿರುವವನನ್ನು ಗ್ರೀಕರು ಇಡಿಯೋಟೆಸ್ ಎಂದು ಕರೆದರು. ಅದು ಸವೆಯುತ್ತ ಸವೆಯುತ್ತ ಇಡಿಯಟ್ ಆಯಿತು. ತನ್ನಷ್ಟಕ್ಕೆ ತಾನೇ ಹುಟ್ಟಿಕೊಂಡ ಕಾಯಿಲೆ ಇಡಿಯೋಪ್ಯಾಥಿಕ್ ಆಯಿತು. ಹಿರಿಯರು ಬಹಳ ಕಾಲ ಸಹಕಾರಿ ಸಂಘದ ನಿರ್ದೇಶಕರಾಗಿದ್ದವರು, ಊರ ಉಸಾಬರಿಯನ್ನೇ ಉಂಡು ಬೆಳೆದವರು. ಅವರಿಗೆ ಈ ಮೂಲಾರ್ಥ ತಿಳಿದಿದ್ದರೆ ಇನ್ನಷ್ಟು ಕೆರಳುತ್ತಿದ್ದರು. ವೈದ್ಯರ ಕೈಯಿಂದಲೇ ಬಂದ ಕಾಯಿಲೆಗೂ ಒಂದು ಪದವಿದೆ, ಐಯಾಟ್ರೋಜೆನಿಕ್. ಐಯಾಟ್ರೋಸ್ ಎಂದರೆ ವೈದ್ಯ. ಆ ಪದವನ್ನು ಮಾತ್ರ ನಾನು ಯಾವ ಡಿಸ್ಚಾರ್ಜ್ ಹಾಳೆಯಲ್ಲೂ ಕಂಡವನಲ್ಲ.

ಕಾರಣ ಗೊತ್ತಿಲ್ಲ ಎನ್ನುವುದಕ್ಕೆ ಇಂಗ್ಲಿಷ್ ವೈದ್ಯಶಾಸ್ತ್ರದಲ್ಲಿರುವಷ್ಟು ಬಗೆ ಗಂಜೀಫದಲ್ಲಿ ಎಲೆಗಳೂ ಇಲ್ಲ. ಬಹುಪಾಲು ಜನರ ರಕ್ತದೊತ್ತಡಕ್ಕೆ ಇಂಥದ್ದೇ ಕಾರಣ ಎಂದು ಬೆರಳು ಮಾಡಿ ತೋರಿಸಲಾಗದು; ಹಾಗಾಗಿ ಅದು ಎಸೆನ್ಷಿಯಲ್ ಹೈಪರ್‌ಟೆನ್ಷನ್. ಕಿರಿದಾದ ರಕ್ತನಾಳಗಳಲ್ಲಿ ರಕ್ತ ನುಗ್ಗಲು ಆ ಒತ್ತಡ ದೇಹಕ್ಕೆ ಅಗತ್ಯವೇ ಇರಬೇಕು ಎಂದು ಹಿಂದಿನವರು ಭಾವಿಸಿದ್ದರು. ಭಾವನೆ ಹೋಯಿತು, ಹೆಸರು ಉಳಿಯಿತು. ಪಡಿತರ ಅಂಗಡಿಯ ಬೋರ್ಡಿನಲ್ಲಿ ಅಗತ್ಯ ವಸ್ತುಗಳು ಎಂದು ಓದಿ ಅಭ್ಯಾಸವಿರುವ ನಮ್ಮವರು, ಅಕ್ಕಿ ಸೀಮೆಎಣ್ಣೆಯ ಸಾಲಿಗೆ ಬಿಪಿಯೂ ಸೇರಿತೆಂದು ತಿಳಿದು ಗುಳಿಗೆ ಬಿಟ್ಟರೆ ತಪ್ಪು ಯಾರದು? ಜ್ವರಕ್ಕೆ ಕಾರಣ ಸಿಗದಿದ್ದರೆ ಪೈರೆಕ್ಸಿಯಾ ಆಫ್ ಅನ್‌ನೋನ್ ಒರಿಜಿನ್, ಚಿಕ್ಕದಾಗಿ ಪಿಯುಒ. ‘ನನಗೆ ಪಿಯುಒ ಅಂತೆ’ ಎಂದು ಕುಮಟೆಯ ಬಸ್ ನಿಲ್ದಾಣದಲ್ಲಿ ಒಬ್ಬರು ಹೇಳುವಾಗ, ಅವರ ದನಿಯಲ್ಲಿ ಮಗನಿಗೆ ಐಎಎಸ್ ಆಗಿದೆ ಎನ್ನುವ ಗತ್ತಿತ್ತು.

ಇನ್ನು ಮೂಢನಂಬಿಕೆಯ ವಿಷಯ. ಗೋಕರ್ಣದ ಕಡೆಯ ಅಜ್ಜಿಯೊಬ್ಬಳು ‘ಗ್ರಹಚಾರ, ಮನೆಮಂದಿಗೆಲ್ಲ ಜ್ವರ’ ಎಂದರೆ ಡಾಕ್ಟರು ಗದರುತ್ತಾರೆ. ಯಾವ ಕಾಲದಲ್ಲಿದ್ದೀರಿ, ಗ್ರಹಕ್ಕೂ ಜ್ವರಕ್ಕೂ ಏನು ಸಂಬಂಧ? ಹಾಗೆ ಗದರುತ್ತಲೇ ಚೀಟಿಯಲ್ಲಿ ಇನ್‌ಫ್ಲುಯೆಂಜಾ ಎಂದು ಬರೆಯುತ್ತಾರೆ. ಇಟಲಿಯವರು ಇನ್‌ಫ್ಲುಯೆಂಜಾ ಎಂದದ್ದು ಆಕಾಶದ ನಕ್ಷತ್ರಗಳ ಪ್ರಭಾವವನ್ನು. ಇದ್ದಕ್ಕಿದ್ದಂತೆ ಊರಿಗೆ ಊರೇ ಜ್ವರ ಹಿಡಿದು ಮಲಗುವುದಕ್ಕೆ ನಕ್ಷತ್ರಗಳೇ ಕಾರಣ ಎಂಬುದು ಅವರ ತೀರ್ಮಾನವಾಗಿತ್ತು. ಅಜ್ಜಿ ಕನ್ನಡದಲ್ಲಿ ಹೇಳಿದ್ದು ಮೂಢನಂಬಿಕೆ, ಡಾಕ್ಟರು ಇಟಾಲಿಯನ್ನಿನಲ್ಲಿ ಬರೆದದ್ದು ವಿಜ್ಞಾನ. ಮಲೇರಿಯಾವೂ ಅದೇ ಜಾತಿಯದು, ಇಟಾಲಿಯನ್ನಿನ ಕೆಟ್ಟ ಗಾಳಿ. ಸೊಳ್ಳೆಯ ಹೊಟ್ಟೆಯಲ್ಲಿ ರೋಗಾಣುವನ್ನು ರೊನಾಲ್ಡ್ ರಾಸ್ ನಮ್ಮ ಪಕ್ಕದ ಸಿಕಂದರಾಬಾದಿನಲ್ಲೇ ಕಂಡುಹಿಡಿದದ್ದು 1897ರಲ್ಲಿ. ಸೊಳ್ಳೆ ಸಿಕ್ಕಿಬಿದ್ದು ಇಷ್ಟು ಕಾಲವಾದರೂ ಎಫ್‌ಐಆರ್‌ನಲ್ಲಿ ಆರೋಪಿಯ ಹೆಸರು ಇನ್ನೂ ಗಾಳಿಯೇ. ಗಾಳಿ ಸೋಕಿತು ಎಂದು ದೆವ್ವ ಬಿಡಿಸುವ ಘಾಡಿಯ ಬಳಿಗೆ ಹೋಗುವವರನ್ನು ನಗುವ ಮುನ್ನ ಇದನ್ನು ನೆನೆಯಬಹುದು.

ಪರದೇಶದ ಪದ ನಮ್ಮಲ್ಲಿಗೆ ಬರುವುದಷ್ಟೇ ಅಲ್ಲ, ನಮ್ಮದೂ ಒಂದು ಅತ್ತ ಹೋಗಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಪತ್ತೆಯಾದ ಜ್ವರಕ್ಕೆ ವಿಜ್ಞಾನಿಗಳು ಇಂಗ್ಲಿಷಿನಲ್ಲಿ ಕ್ಯಾಸನೂರು ಫಾರೆಸ್ಟ್ ಡಿಸೀಸ್ ಎಂದು ಹೆಸರಿಟ್ಟರು. ಗಡಿಯ ಈಚೆ ಸಿದ್ದಾಪುರದ ಕಡೆಯವರಿಗೆ ಅದು ಮಂಗನ ಕಾಯಿಲೆ. ಅಲ್ಲಿ ಊರಿಗೆ ಕೆಟ್ಟ ಹೆಸರು, ಇಲ್ಲಿ ಮಂಗನಿಗೆ. ವೈರಸ್ಸನ್ನು ಹೊತ್ತು ತಂದು ಕಚ್ಚುವ ಉಣುಗು ಎರಡೂ ಭಾಷೆಗಳಲ್ಲಿ ನಿರಪರಾಧಿಯಾಗಿ ತಪ್ಪಿಸಿಕೊಂಡಿದೆ. ಮಂಗನಾದರೋ ಮನುಷ್ಯನಂತೆಯೇ ಅದರಿಂದ ಸಾಯುವ ಪಾಪದ ಪ್ರಾಣಿ. ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಿ ತರಲು ಕಾಡಿಗೆ ಹೋಗುವವರ ಕೈಗೆ ಉಣುಗು ಕಚ್ಚದಂತೆ ಹಚ್ಚಿಕೊಳ್ಳುವ ಡೇಪಾ ಎಣ್ಣೆಯ ಬಾಟಲಿ ಕೊಡುತ್ತಾರೆ. ಸತ್ತ ಮಂಗನ ಮಾದರಿಯನ್ನು ಶಿವಮೊಗ್ಗಕ್ಕೋ ಪುಣೆಗೋ ಕಳಿಸುತ್ತಾರೆ. ಈ ಜಿಲ್ಲೆಯಲ್ಲಿ ಸತ್ತ ಮೇಲೆ ಮಂಗನಿಗೂ ರೆಫರಲ್ ತಪ್ಪಿದ್ದಲ್ಲ.

ರೆಫರ್ ಎಂಬುದರ ಮೂಲ ಲ್ಯಾಟಿನ್ನಿನ ರೆಫೆರ್ರೆ, ಹಿಂದಕ್ಕೆ ಹೊತ್ತೊಯ್ಯುವುದು. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಮುಂದಕ್ಕೆ ಹೊತ್ತೊಯ್ಯುವುದು. ಶಿರಸಿಯವರು ಹುಬ್ಬಳ್ಳಿಗೆ, ಭಟ್ಕಳದವರು ಉಡುಪಿಯ ಕಡೆಗೆ, ಕಾರವಾರದವರು ಕಾಳಿ ಸೇತುವೆ ದಾಟಿ ಗೋವಾದ ಬಾಂಬೋಳಿಯ ಆಸ್ಪತ್ರೆಗೆ. ಹೊರುವ ವಾಹನ ಆಂಬುಲೆನ್ಸ್. ಫ್ರೆಂಚರು ಸೈನ್ಯದ ಬೆನ್ನಿಗೆ ಸಾಗುತ್ತಿದ್ದ ಆಸ್ಪತ್ರೆಯನ್ನು ಹೋಪಿತಾಲ್ ಆಂಬ್ಯುಲಾಂ, ನಡೆಯುವ ಆಸ್ಪತ್ರೆ ಎಂದರು. ಅದರ ಬಾಲ ಮಾತ್ರ ಇಂಗ್ಲಿಷಿನಲ್ಲಿ ಉಳಿಯಿತು. ಯುದ್ಧಭೂಮಿಯಲ್ಲಿ ನಿಂತ ಆಸ್ಪತ್ರೆ ಇರುವುದಿಲ್ಲವಾದ್ದರಿಂದ ನಡೆಯುವ ಆಸ್ಪತ್ರೆ ಬೇಕಾಯಿತು. ಯುದ್ಧವೇ ಇಲ್ಲದ ಹನ್ನೆರಡು ತಾಲ್ಲೂಕುಗಳ ಜಿಲ್ಲೆಗೆ ಯಾಕೆ ಬೇಕಾಯಿತು ಎಂಬುದನ್ನು ವ್ಯುತ್ಪತ್ತಿ ಕೋಶ ಹೇಳುವುದಿಲ್ಲ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತು ಓಡುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ಸತ್ತರು. ಅಲ್ಲಿ ನಗುವುದಕ್ಕೆ ಏನೂ ಇಲ್ಲ. ನಗು ಬರುವುದು ಆಮೇಲಿನ ಭರವಸೆಗಳಿಗೆ.

ಜನ ಅಂದು ಕೇಳಿದ್ದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ. ಸೂಪರ್ ಎಂದರೆ ಲ್ಯಾಟಿನ್ನಿನಲ್ಲಿ ಮೇಲೆ. ತಕ್ಷಣ ಚರ್ಚೆ ಎದ್ದಿತು: ಘಟ್ಟದ ಮೇಲೋ, ಘಟ್ಟದ ಕೆಳಗೋ? ಕಾರವಾರಕ್ಕೆ ಜಿಲ್ಲಾ ಕೇಂದ್ರದ ಹಕ್ಕು, ಕುಮಟೆಗೆ ನಡುಮಧ್ಯದ ಹಕ್ಕು, ಶಿರಸಿಗೆ ಮಾರಿಕಾಂಬೆಯ ಹಕ್ಕು. ಚರ್ಚೆಯ ಕಾವಿನಲ್ಲಿ ಆಸ್ಪತ್ರೆ ಹಿಂದೆ ಬಿದ್ದಿತು, ಹೆಸರು ಮುಂದೆ ಓಡಿತು. ಈಗ ಪೇಟೆಯ ಅಂಗಡಿ ಸಾಲಿನಲ್ಲಿ, ಮೊಬೈಲ್ ರಿಪೇರಿಗೂ ಟೈಲರಿಗೂ ನಡುವೆ, ಎರಡು ಬೆಂಚಿನ ಕೋಣೆಗೂ ಮಲ್ಟಿ ಸ್ಪೆಷಾಲಿಟಿ ಎಂಬ ಬೋರ್ಡು. ಹಾಸ್ಪಿಟಲ್ ಮತ್ತು ಹೋಟೆಲ್ ಎರಡೂ ಅತಿಥಿ ಎಂಬರ್ಥದ ಹಾಸ್ಪೆಸ್‌ನಿಂದ ಹುಟ್ಟಿದ ಅಕ್ಕತಂಗಿಯರು. ಅದನ್ನು ತಿಳಿಯಲು ಲ್ಯಾಟಿನ್ ಕಲಿಯಬೇಕಾಗಿಲ್ಲ, ನಗರದ ದೊಡ್ಡ ಆಸ್ಪತ್ರೆಯ ಬಿಲ್ಲಿನಲ್ಲಿ ಕೋಣೆ ಬಾಡಿಗೆಯ ಸಾಲನ್ನು ನೋಡಿದರೆ ಸಾಕು.

ದಾರಿಯ ಮಾತೂ ಇದೆ. ನಾಸಿಯಾ, ಅಂದರೆ ವಾಕರಿಕೆ, ಗ್ರೀಕಿನ ನೌಸ್ ಎಂಬ ಹಡಗಿನ ಪದದಿಂದ ಬಂದದ್ದು. ಮೊದಲಿಗೆ ಅದು ಕಡಲ ಪ್ರಯಾಣದ ಕಾಯಿಲೆ. ಬೈತಖೋಲಿನಿಂದ ದೋಣಿ ಏರುವ ಮೀನುಗಾರನಿಗೆ ಅದು ಗೊತ್ತೇ ಇಲ್ಲ. ಅದು ಬರುವುದು ಅರಬೈಲ್ ಘಟ್ಟದ ತಿರುವುಗಳಲ್ಲಿ, ಸ್ಕ್ಯಾನಿಂಗ್ ಸಲುವಾಗಿ ಹುಬ್ಬಳ್ಳಿಗೆ ಹೊರಟ ಬಸ್ಸಿನ ಹಿಂದಿನ ಸೀಟಿನಲ್ಲಿ.

ಔಷಧ ಚೀಟಿಯನ್ನು ಓದಲಾಗದು ಎಂಬ ದೂರಿಗೆ 2016ರಲ್ಲೇ ಭಾರತೀಯ ವೈದ್ಯಕೀಯ ಮಂಡಳಿ ಕಿವಿಗೊಟ್ಟು, ಸ್ಪಷ್ಟವಾಗಿ, ಆದಷ್ಟು ದೊಡ್ಡಕ್ಷರಗಳಲ್ಲಿ ಬರೆಯಿರಿ ಎಂದಿತು. 2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರ ಕನ್ನಡದಲ್ಲೇ ಬರೆಯಿಸಿ ಎಂದು ಸರ್ಕಾರವನ್ನು ಕೇಳಿತು. ಟಿಡಿಎಸ್ ಎಂದು ಬರೆದರೆ ಅದು ತೆರಿಗೆ ಕಡಿತವಲ್ಲ, ಲ್ಯಾಟಿನ್ನಿನ ತೆರ್ ದಿಯೆ ಸುಮೆಂದುಮ್, ದಿನಕ್ಕೆ ಮೂರು ಸಲ. ಎಸ್‌ಒಎಸ್ ಎಂದರೆ ಹಡಗು ಮುಳುಗುತ್ತಿದೆ ಎಂದಲ್ಲ, ಸಿ ಓಪುಸ್ ಸಿತ್, ಬೇಕೆನಿಸಿದರೆ. ರೋಮನ್ ಸಾಮ್ರಾಜ್ಯ ಮಣ್ಣು ಸೇರಿ ಎಷ್ಟೋ ಶತಮಾನಗಳಾದರೂ ಅಂಕೋಲೆಯ ರೋಗಿ ಗುಳಿಗೆ ನುಂಗುವುದು ಅದರ ಅಪ್ಪಣೆಯ ಮೇಲೆಯೇ. ಪುಣ್ಯಕ್ಕೆ ಔಷಧ ಅಂಗಡಿಯ ಹುಡುಗನಿಗೆ ಲ್ಯಾಟಿನ್ ಬಾರದು. ಅವನು ಗುಳಿಗೆಯ ಎಲೆಯನ್ನು ಕತ್ತರಿಸಿ ಕಾಗದದ ಲಕೋಟೆಗೆ ಹಾಕಿ, ಮೇಲೆ ಪೆನ್ನಿನಿಂದ ಬೆಳಿಗ್ಗೆಗೊಂದು ಗೀಟು, ರಾತ್ರಿಗೊಂದು ಗೀಟು ಎಳೆದು, ‘ಊಟದ ಮೇಲೆ’ ಎಂದು ಕೂಗಿ ಹೇಳುತ್ತಾನೆ. ಜಿಲ್ಲೆಯ ಅರ್ಧ ಆರೋಗ್ಯ ನಿಂತಿರುವುದು ಆ ಎರಡು ಗೀಟುಗಳ ಮೇಲೆ.

ಮಳೆಗಾಲ ಮುಗಿದರೆ ಉಚಿತ ಆರೋಗ್ಯ ಶಿಬಿರಗಳ ಸುಗ್ಗಿ. ಇಂಗ್ಲಿಷಿನ ಕ್ಯಾಂಪ್ ಆಗಲಿ ನಮ್ಮ ಶಿಬಿರವಾಗಲಿ ದಂಡು ಬೀಡುಬಿಡುವ ಜಾಗವೇ. ಬೆಳಿಗ್ಗೆ ಬಂದ ದಂಡು ಸಂಜೆಗೆ ಡೇರೆ ಕಿತ್ತುಕೊಂಡು ಹೋಗುತ್ತದೆ. ಹೊರ ಜಿಲ್ಲೆಯ ದೊಡ್ಡ ಆಸ್ಪತ್ರೆಯ ವ್ಯಾನು ಶಾಲೆಯ ಅಂಗಳಕ್ಕೆ ಬಂದು, ದಡದಿಂದ ರಂಪಣಿ ಬಲೆ ಎಳೆದಂತೆ ಊರನ್ನೆಲ್ಲ ಬಾಚುತ್ತದೆ. ಹಾಗೊಂದು ಶಿಬಿರದಲ್ಲಿ ಮೀನುಬುಟ್ಟಿ ಹೊತ್ತು ಮಂಡಿ ಸವೆದ ಹೆಂಗಸೊಬ್ಬಳ ಸರದಿ ಬಂದಿತು. ಎಳೆಯ ಡಾಕ್ಟರು ಚೀಟಿಯಲ್ಲಿ ಬರೆಯುತ್ತ ‘ಆಸ್ಟಿಯೋ ಆರ್ಥ್ರೈಟಿಸ್’ ಎಂದ.

‘ಆ ಹೆಸರಿಗೆ ಕಾರ್ಡಿನಲ್ಲಿ ದುಡ್ಡು ಬರುತ್ತದೆಯೇ?’ ಎಂದು ಆಕೆ ಕೇಳಿದಳು.

‘ರೆಫರಲ್ ಬೇಕಾಗುತ್ತದೆ.’

ಆರ್ಥ್ರೈಟಿಸ್ ಎಂದರೇನು ಎಂದು ಎರಡು ಸಲ ಹೇಳಿಸಿಕೊಂಡಿದ್ದ ಆಕೆ ರೆಫರಲ್ ಎಂಬ ಈ ಪದದ ಅರ್ಥ ಕೇಳಲಿಲ್ಲ. ‘ಮಣಿಪಾಲವೋ, ಹುಬ್ಬಳ್ಳಿಯೋ?’ ಎಂದಳು.