ದೂರು ರಿಪೇರಿಯಾಗಿದೆ, ನೆಟ್ ಇಲ್ಲ

ಜೂನ್ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ 10 ಗಂಟೆ 4 ನಿಮಿಷಕ್ಕೆ ನಮ್ಮ ಮನೆಯ ಇಂಟರ್‌ನೆಟ್ ಸರಿಹೋಯಿತು. ಹಾಗಂತ ಮೆಸೇಜ್ ಬಂತು. ‘ಮಾನ್ಯ ಗ್ರಾಹಕರೇ, ನಿಮ್ಮ ದೂರು ಬಗೆಹರಿದಿದೆ.’ ಜೊತೆಗೊಂದು ಹಸಿರು ಟಿಕ್ ಮಾರ್ಕು. ಟಿವಿ ಪಕ್ಕದ ಪುಟ್ಟ ಪೆಟ್ಟಿಗೆಯಲ್ಲಿ ಎಲ್‌ಒಎಸ್ ಅನ್ನೋ ಕೆಂಪು ದೀಪ ಮಾತ್ರ ಈ ಮೆಸೇಜ್ ಓದಿರಲಿಲ್ಲ. ಅದು ಭಾನುವಾರದಿಂದ ಮಿಣುಕುತ್ತಿದ್ದ ಹಾಗೇ ಮಿಣುಕುತ್ತಿತ್ತು.

ಎಲ್‌ಒಎಸ್ ಅಂದರೆ ಲಾಸ್ ಆಫ್ ಸಿಗ್ನಲ್. ಫೈಬರ್ ಕೇಬಲ್ಲಿನೊಳಗೆ ಹರಿದು ಬರಬೇಕಾದ ಬೆಳಕು ಮನೆಗೆ ತಲುಪುತ್ತಿಲ್ಲ ಅಂತ ಅರ್ಥ. ಕೇಬಲ್ ಎಲ್ಲೋ ಹೊರಗೆ ಕಡಿದಿರುತ್ತದೆ, ಇಲ್ಲವೇ ಮಡಚಿಕೊಂಡಿರುತ್ತದೆ. ವೈಫೈ ಪಾಸ್‌ವರ್ಡ್ ಬದಲಿಸಿದರೂ ಅಷ್ಟೇ, ರೂಟರ್‌ಗೆ ಮಂಗಳಾರತಿ ಎತ್ತಿದರೂ ಅಷ್ಟೇ. ತೊಂದರೆ ಏನು ಅಂತ ಪೆಟ್ಟಿಗೆಯೇ ಕೆಂಪಾಗಿ ಹೇಳುತ್ತಿದೆ. ಇಷ್ಟು ನೇರವಾಗಿ ಮಾತಾಡಿದ್ದಕ್ಕೇ ಇರಬೇಕು, ಅದರ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಭಾನುವಾರವೇ ದೂರು ಕೊಡಲು ಕೂತಿದ್ದೆ. ದೂರು ಕೊಡೋಕೆ ಆ್ಯಪ್ ಬೇಕು, ಆ್ಯಪ್‌ಗೆ ನೆಟ್ ಬೇಕು. ನೆಟ್ ಇಲ್ಲ ಅಂತ ಹೇಳಿಕೊಳ್ಳಲು ಮೊಬೈಲ್ ಡೇಟಾ ಹಾಕಿಸಿಕೊಂಡು ಒಳಗೆ ಹೋದೆ. ಅಲ್ಲೊಂದು ಕಾರ್ಟೂನ್ ಬೊಂಬೆ ನಗುತ್ತಾ ನಿಂತಿತ್ತು. ಏನು ತೊಂದರೆ ಅಂತ ಕೇಳಿತು. ‘ನೆಟ್ ಬರ್ತಿಲ್ಲ’ ಅನ್ನೋದನ್ನು ಒತ್ತಿದೆ. ‘ದಯವಿಟ್ಟು ಸ್ಪೀಡ್ ಟೆಸ್ಟ್ ಮಾಡಿ, ಸ್ಕ್ರೀನ್‌ಶಾಟ್ ಕಳಿಸಿ’ ಅಂತು. ಉಸಿರು ಕಟ್ಟಿದವನ ಕೈಗೆ ಬಲೂನ್ ಕೊಟ್ಟು ‘ಊದು ನೋಡೋಣ’ ಅಂದ ಹಾಗೆ.

ಬೊಂಬೆಯನ್ನು ದಾಟಿದ ಮೇಲೆ ಮನುಷ್ಯರು ಸಿಕ್ಕರು.

‘ಸರ್, ರೂಟರ್ ಒಂದ್ಸಲ ಆಫ್ ಮಾಡಿ ಆನ್ ಮಾಡ್ತೀರಾ?’

‘ಮಾಡಿದೀನಮ್ಮಾ, ನಾಲ್ಕು ಸಲ.’

‘ಅದು ನೀವೇ ಮಾಡಿದ್ದು ಸರ್. ಈಗ ನಾನು ಲೈನಲ್ಲಿ ಇರೋವಾಗ ಮಾಡಿ.’

ಮಾಡಿದೆ. ಮುಹೂರ್ತ ನೋಡಿ, ಪುರೋಹಿತರ ಎದುರು ಮಾಡಿದರೇನೇ ಫಲ ಅಂತ ಕಾಣುತ್ತದೆ. ಫಲ ಸಿಗಲಿಲ್ಲ.

ಹಾಗಂತ ಈ ಆಫ್-ಆನ್ ಪೂರ್ತಿ ಮೂಢನಂಬಿಕೆಯೂ ಅಲ್ಲ. ರೂಟರ್ ಕೂಡ ಒಂದು ಪುಟ್ಟ ಕಂಪ್ಯೂಟರ್ರೇ. ತಿಂಗಳಾನುಗಟ್ಟಲೆ ಬಿಡುವಿಲ್ಲದೆ ದುಡಿದರೆ ಅದರ ತಲೆಯೂ ಕೆಡುತ್ತದೆ, ಮಲಗಿ ಎದ್ದರೆ ಸರಿಹೋಗುತ್ತದೆ. ಆದರೆ ಹೊರಗೆ ಕೇಬಲ್ಲೇ ಕೈಕೊಟ್ಟಾಗ ರೂಟರ್ ಆಫ್ ಮಾಡಿ ಆನ್ ಮಾಡೋದು, ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದಾಗ ಬಸ್ಸಿನ ಇಂಜಿನ್ ಆಫ್ ಮಾಡಿ ಆನ್ ಮಾಡಿದ ಹಾಗೆ.

ಇನ್ನೊಂದು ವಿಷಯವನ್ನೂ ಒಪ್ಪಿಕೊಂಡುಬಿಡುತ್ತೇನೆ. ಮಾರ್ಚ್‌ನಲ್ಲಿ ಒಮ್ಮೆ ನೆಟ್ ಹೋದಾಗ ಇದೇ ಕಾಲ್ ಸೆಂಟರ್‌ಗೆ ಅರ್ಧ ಗಂಟೆ ಬೈದಿದ್ದೆ. ಆಮೇಲೆ ನೋಡಿದರೆ ಸ್ವಿಚ್ಚೇ ಆಫ್ ಆಗಿತ್ತು. ‘ರಾತ್ರಿಯೆಲ್ಲಾ ದೀಪ ಸುಮ್ನೆ ಉರೀತಿತ್ತು ಕಣೋ, ಕರೆಂಟ್ ಬಿಲ್ ಬರಲ್ವಾ?’ ಅಂದರು ಅಮ್ಮ. ಅವತ್ತೇ ಸ್ವಿಚ್ಚಿನ ಮೇಲೆ ಸೆಲೋಟೇಪ್ ಅಂಟಿಸಿದೆ. ಅಮ್ಮನಿಗೆ ಅವಮಾನವಾಯಿತು. ಅಂದಿನಿಂದ ಆ ಸ್ವಿಚ್ಚನ್ನು ತಾವೂ ಮುಟ್ಟುವುದಿಲ್ಲ, ಬೇರೆಯವರನ್ನೂ ಮುಟ್ಟಗೊಡುವುದಿಲ್ಲ. ಭಾನುವಾರ ಕಾಲ್ ಸೆಂಟರ್ ಹುಡುಗಿಗಾಗಿ ಟೇಪ್ ಕೀಳಬೇಕಾದಾಗ ಅವರ ಮುಖ ನೋಡಬೇಕಿತ್ತು.

ಮಂಗಳವಾರಕ್ಕೆ ಬರೋಣ. ಆ ಮೆಸೇಜ್ ಬಂದಾಗ ಟೆಕ್ನೀಷಿಯನ್ ನಮ್ಮ ಹಾಲ್‌ನಲ್ಲೇ ನಿಂತಿದ್ದ. ಬಾಗಲಕೋಟೆ ಕಡೆಯ ಹುಡುಗ. ತಲೆ ಮೇಲೆ ಇನ್ನೂ ಹೆಲ್ಮೆಟ್ ಇತ್ತು. ಒಳಗೆ ಬಂದವನು ಕೆಂಪು ದೀಪದ ಕಡೆ ತಿರುಗಿಯೂ ನೋಡದೆ ಕೇಳಿದ್ದು ಒಂದೇ ಮಾತು: ‘ಸರ, ಒಟಿಪಿ ಬಂದೈತೇನ್ರಿ?’

‘ಏನಪ್ಪಾ, ರಿಪೇರಿ ಆದಮೇಲೆ ತಾನೇ ಒಟಿಪಿ ಕೊಡೋದು?’

‘ಹೌದ್ರಿ ಸರ. ಆದ್ರ ಟೈಮ್ ಮುಗದ್ರ ನನ್ ಪಗಾರದಾಗ ಹಿಡೀತಾರ್ರಿ. ಮೊದ್ಲ ಕಂಪ್ಲೇಂಟ್ ಕ್ಲೋಸ್ ಮಾಡ್ತೀನಿ, ಆಮ್ಯಾಲ ಲೈನ್ ನೋಡ್ತೀನ್ರಿ.’

ಅವನ ಮೇಲೆ ಸಿಟ್ಟು ಮಾಡಿಕೊಳ್ಳೋಣ ಅಂದರೆ ಆಗಲಿಲ್ಲ. ದಿನಕ್ಕೆ 12 ಮನೆಯಂತೆ. ಪೆಟ್ರೋಲ್ ಅವನದೇ ಅಂತೆ. ಕಂಪನಿ ಅವನಿಗೆ ಕೊಟ್ಟಿರುವ ಕೆಲಸವೇ ದೂರನ್ನು ಮುಚ್ಚುವುದು. ಲೈನ್ ಸರಿಮಾಡುವುದು ಅವನು ಮರ್ಯಾದೆಗೆ ಮಾಡಿಕೊಡುವ ಉಪಕಾರ. ಒಟಿಪಿ ಕೊಟ್ಟೆ. 10.04ಕ್ಕೆ ಮೆಸೇಜ್ ಬಂತು. ಆಮೇಲೆ ಹೆಲ್ಮೆಟ್ ತೆಗೆದ.

ಚೀಲದಿಂದ ಪವರ್ ಮೀಟರ್ ತೆಗೆದು ಕೇಬಲ್ ತುದಿಗೆ ಚುಚ್ಚಿದ. ಬರುತ್ತಿರುವ ಬೆಳಕು ಎಷ್ಟಿದೆ ಅಂತ ಅಳೆಯುವ ಸಾಧನ ಅದು. ಲೆಕ್ಕವೆಲ್ಲ ಮೈನಸ್‌ನಲ್ಲಿ. ಮೈನಸ್ 20ರ ಆಸುಪಾಸಿನಲ್ಲಿದ್ದರೆ ಆರೋಗ್ಯ, ಮೈನಸ್ 27 ದಾಟಿದರೆ ಎಣ್ಣೆ ಮುಗಿದ ದೀಪ. ನಮ್ಮದು ಮೈನಸ್ 33 ತೋರಿಸಿತು. ‘ಪೂರಾ ಕಟ್ ಆಗಿಲ್ರಿ. ಬೆಳಕ್ ಬರಾಕತ್ತೈತಿ, ಸಾಲವಲ್ದು’ ಅಂದ. ನಮ್ಮ ಬೀದಿದೀಪಗಳ ಕತೆಯೂ ಅದೇ ಅಂದೆ. ನಗಲಿಲ್ಲ, ಇನ್ನೂ 11 ಮನೆ ಬಾಕಿಯಿತ್ತು.

ಬೀದಿ ಕೊನೆಯ ಹೊಂಗೆ ಮರದ ಹತ್ತಿರ ಹೋದೆವು. ಬೆಂಗಳೂರಿನವರಿಗೆ ಈ ಮರದ ಪರಿಚಯ ಮಾಡಿಕೊಡಬೇಕಿಲ್ಲ, ಪ್ರತಿ ಬೀದಿಯಲ್ಲೂ ಇಂಥದ್ದೊಂದು ಇದೆ. ಎಲೆಗಿಂತ ಕೇಬಲ್ ಜಾಸ್ತಿ. ಚಕ್ಕುಲಿ ಸುತ್ತಿದ ಹಾಗೆ ಸುರುಳಿ ಸುರುಳಿ ಕಪ್ಪು ತಂತಿಗಳು. ನಡುನಡುವೆ ಜೇನುಗೂಡಿನ ಹಾಗೆ ಜಾಯಿಂಟ್ ಡಬ್ಬಗಳು. ಎಷ್ಟೋ ವರ್ಷದ ಹಿಂದೆ ಮುಚ್ಚಿಹೋದ ಕೇಬಲ್ ಟಿವಿಯವರ ತಂತಿ ಕೂಡ ಅಲ್ಲೇ ಇದೆ. ಹಾಕಲು ಬಂದವರು ಇದ್ದರು, ಬಿಚ್ಚಲು ಯಾರೂ ಬರಲಿಲ್ಲ. ಯಾವುದರ ಮೇಲೂ ಹೆಸರಿಲ್ಲ, ನಂಬರಿಲ್ಲ. ನಮ್ಮದು ಯಾವುದು ಅಂತ ಗೊತ್ತಾಗೋದು ಹೇಗೆ ಅಂತ ಕೇಳಿದೆ. ಹುಡುಗ ಒಂದು ಕೇಬಲ್ ಹಿಡಿದು ಜಗ್ಗಿದ. ಮೂರನೇ ಮನೆಯ ಮಹಡಿಯಿಂದ ‘ಹೋಯ್, ಮೀಟಿಂಗಲ್ಲಿದೀನಿ!’ ಅಂತ ಕೂಗು ಬಂತು. ‘ಇದು ಅವರ್ದರೀ’ ಅಂದ. ಹೀಗೆ ಐದಾರು ಜಗ್ಗಿದ ಮೇಲೆ ಯಾರೂ ಕೂಗದ ಒಂದು ಕೇಬಲ್ ಸಿಕ್ಕಿತು. ಅದು ನಮ್ಮದು.

ಒಳಗಿನ ಗಾಜಿನ ಎಳೆ ಕೂದಲಷ್ಟೇ ದಪ್ಪ, 125 ಮೈಕ್ರಾನ್. ನೇರವಾಗಿದ್ದರೆ, ಇಲ್ಲವೇ ಅಗಲವಾಗಿ ಸುತ್ತಿದ್ದರೆ ಬೆಳಕು ಒಳಗೊಳಗೇ ಪುಟಿಯುತ್ತಾ ಓಡುತ್ತದೆ. ಬಿಗಿಯಾಗಿ ಮಡಚಿದರೆ ಆ ತಿರುವಿನಲ್ಲಿ ಬೆಳಕು ಆಚೆ ಸೋರಿಹೋಗುತ್ತದೆ. ನಮ್ಮ ಕೇಬಲ್ ಎದುರುಮನೆ ಶಾರದಮ್ಮನವರ ಕಾಂಪೌಂಡ್ ಮೇಲೆ ಹಾದುಹೋಗುತ್ತದೆ. ಅವರು ಅದನ್ನು ಕಿಟಕಿ ಸರಳಿಗೆ ಒಂದು ಗಂಟು ಹಾಕಿ ಬಿಗಿಮಾಡಿಕೊಂಡಿದ್ದರು. ಶನಿವಾರ ಅದರ ಮೇಲೆ ಒದ್ದೆ ಜಮಖಾನ ಹರವಿದ್ದರು. ‘ಎಷ್ಟು ವರ್ಷದಿಂದ ಒಣಗಿಸ್ತಿದೀನಿ, ಇದುವರೆಗೂ ಯಾರೂ ಏನೂ ಅಂದಿರಲಿಲ್ಲ’ ಅಂದರು. ಅದೂ ನಿಜವೇ. ಹಾಗೆ ನೋಡಿದರೆ ಆ ಕೇಬಲ್ಲಿನಿಂದ ನನಗಿಂತ ಅವರಿಗೇ ಹೆಚ್ಚು ಉಪಯೋಗವಾಗಿದೆ.

ಟೆಕ್ನೀಷಿಯನ್ ಫೋನ್ ತೆಗೆದು ಕಾರಣ ಬರೆಯಲು ಹೊರಟ. ಆ್ಯಪ್‌ನಲ್ಲಿ ಜಮಖಾನ ಅನ್ನೋ ಆಯ್ಕೆ ಇರಲಿಲ್ಲ. ರಸ್ತೆ ಅಗೆತ, ಬೆಂಕಿ, ಪ್ರಾಣಿ — ಇಷ್ಟೇ. ಮರದ ಮೇಲೆ ಒಂದು ಅಳಿಲು ಓಡಾಡುತ್ತಿತ್ತು. ಹುಡುಗ ‘ಪ್ರಾಣಿ’ ಒತ್ತಿದ. ರಾಮನ ಸೇತುವೆಗೆ ಮರಳು ಹೊತ್ತು ಬೆನ್ನ ಮೇಲೆ ಮೂರು ಗೆರೆ ಪಡೆದ ವಂಶ, ಈಗ ಕಂಪನಿಯ ದಾಖಲೆಯಲ್ಲಿ ಆರೋಪಿ. ಅಳಿಲು ಸೇವೆ ಅಂದರೆ ಇನ್ನು ಮುಂದೆ ಕಸ್ಟಮರ್ ಸರ್ವಿಸ್ ಅಂತಲೇ ಓದಿಕೊಳ್ಳಬೇಕು.

‘ಸರಿ, ಆ ಗಂಟು ಬಿಚ್ಚಿಬಿಡಪ್ಪಾ’ ಅಂದೆ.

‘ಏಣಿ ಇಲ್ರಿ ಸರ. ಏಣಿ ಟೀಮ್ ಬ್ಯಾರೇನ. ನಾಳೆ ಬರ್ತಾರ. ಹೊಸಾ ಕಂಪ್ಲೇಂಟ್ ಹಾಕ್ರಿ, ಹಳೇದು ಕ್ಲೋಸ್ ಆಗೇತಲ್ರಿ.’

ಹೊಸ ಕಂಪ್ಲೇಂಟ್ ಹಾಕಿದೆ. ಏಣಿಯವರು ಬರಲಿಲ್ಲ, ‘ಬಗೆಹರಿದಿದೆ’ ಬಂತು. ಮತ್ತೊಂದು ಹಾಕಿದೆ. ಏಣಿ ಬಂತು, ಜೊತೆಗೆ ಮಳೆಯೂ ಬಂತು, ಏಣಿ ಹೋಯಿತು. ನಾಲ್ಕನೆಯದರ ಹೊತ್ತಿಗೆ ನನಗೆ ಒಟಿಪಿ ಹೇಳುವುದು ಅಭ್ಯಾಸವಾಗಿತ್ತು. ನಾಲ್ಕು ದೂರು, ನಾಲ್ಕೂ ಹೊತ್ತಿಗೆ ಸರಿಯಾಗಿ ಪರಿಹಾರ. ಕಂಪನಿಯ ಲೆಕ್ಕದಲ್ಲಿ ನಮ್ಮ ಬೀದಿಯಲ್ಲಿ ನನ್ನಷ್ಟು ತೃಪ್ತ ಗ್ರಾಹಕ ಬೇರೆ ಇಲ್ಲ. ಹೆಚ್ಚು ದೂರು ಕೊಟ್ಟಷ್ಟೂ ಅವರ ಸೇವೆಯ ಗುಣಮಟ್ಟ ಏರುತ್ತಲೇ ಹೋಗುತ್ತದೆ.

ಯಾರನ್ನು ಕೇಳೋಣ ಅಂತ ಯೋಚಿಸಿದೆ. ಕಂಬ ಕರೆಂಟಿನವರದು. ಮರ, ರಸ್ತೆ ಪಾಲಿಕೆಯದು. ಅದೂ 2025ರ ಸೆಪ್ಟೆಂಬರ್‌ನಲ್ಲಿ ಒಂದಿದ್ದ ಪಾಲಿಕೆ ಐದಾಗಿ ಹೋಯಿತು, ಈ ಮರ ಯಾವ ಪಾಲಿಗೆ ಬಂತೋ. ಕೇಬಲ್ ಕಂಪನಿಯದು, ಕನೆಕ್ಷನ್ ಫ್ರಾಂಚೈಸಿಯದು, ಹುಡುಗ ಗುತ್ತಿಗೆದಾರನವನು. ಮೇಲಧಿಕಾರಿ ಇಲ್ಲದೆ ಕೆಲಸ ಮಾಡುತ್ತಿರುವುದು ಅಳಿಲು ಒಂದೇ.

ಟ್ರಾಯ್‌ಗೆ, ಅಂದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರಕ್ಕೆ ಬರೆಯಿರಿ ಅಂತ ಪಕ್ಕದ ಮನೆಯ ರಾಯರು ಸಲಹೆ ಕೊಟ್ಟರು. ಟ್ರಾಯ್ ನಿಯಮ ಮಾಡುತ್ತದೆ, ಒಬ್ಬೊಬ್ಬ ಗ್ರಾಹಕನ ದೂರು ವಿಚಾರಿಸುವುದು ಅದರ ಕೆಲಸದಲ್ಲಿ ಸೇರಿಲ್ಲ. ಆದರೆ ಅದರ 2012ರ ನಿಯಮದ ಪ್ರಕಾರ ಕಂಪನಿಯೊಳಗೇ ಒಂದು ಮೇಲ್ಮನವಿ ಪ್ರಾಧಿಕಾರ ಇರಬೇಕು. ಅಂದರೆ ಕಂಪನಿಯ ಮೇಲಿನ ದೂರನ್ನು ಕಂಪನಿ ಸರಿಯಾಗಿ ವಿಚಾರಿಸಲಿಲ್ಲ ಅಂತ ಕಂಪನಿಗೇ ದೂರು ಕೊಡಬಹುದು. ಅದನ್ನು 39 ದಿನದೊಳಗೆ ತೀರ್ಮಾನಿಸಬೇಕು. 40 ಅಂದಿದ್ದರೆ ಜನ ಬೇಜಾರು ಮಾಡಿಕೊಳ್ಳುತ್ತಿದ್ದರೋ ಏನೋ, ಬಾಟಾ ಅಂಗಡಿಯ ಬೆಲೆಯ ಹಾಗೆ ಒಂದು ಕಡಿಮೆ ಇಟ್ಟಿದ್ದಾರೆ.

ಅಪೀಲು ಬರೆಯುವಾಗ ಇನ್ನೊಂದು ಸಂಗತಿ ತಿಳಿಯಿತು. ನನ್ನ ಪ್ಲಾನ್ ‘200 ಎಂಬಿಪಿಎಸ್ ವರೆಗೆ’. ಆ ‘ವರೆಗೆ’ ಅನ್ನೋ ಪದವೇ ಪ್ಲಾನಿನ ಅಸಲಿ ಹೆಸರು. ಜೊತೆಗೆ 200 ಅನ್ನೋದು ಬಿಟ್ ಲೆಕ್ಕ. ಫೈಲ್ ಇಳಿಯೋದು ಬೈಟ್ ಲೆಕ್ಕದಲ್ಲಿ, 8 ಬಿಟ್‌ಗೆ ಒಂದು ಬೈಟ್. 200 ಅನ್ನೋದು ಮನೆ ಸೇರುವಾಗ 25. ಕೆ.ಆರ್. ಮಾರ್ಕೆಟ್ಟಿನಲ್ಲಿ ಮಲ್ಲಿಗೆಯನ್ನು ಮೊಳಕ್ಕೆ ಕೂಗಿ ಬೆರಳಲ್ಲಿ ಅಳೆದು ಕೊಟ್ಟ ಹಾಗೆ. ಇನ್ನು ಬ್ರಾಡ್‌ಬ್ಯಾಂಡ್ ಅಂದರೆ ಏನು ಅಂತ ಸರ್ಕಾರ ಹೇಳಿದೆ: 2004ರ ನೀತಿಯಲ್ಲಿ ಕನಿಷ್ಠ 256 ಕೆಬಿಪಿಎಸ್, 2023ರ ಜನವರಿಯಿಂದ ಕನಿಷ್ಠ 2 ಎಂಬಿಪಿಎಸ್. ಜಾಹೀರಾತಿನಲ್ಲಿ 200, ವ್ಯಾಖ್ಯೆಯಲ್ಲಿ 2. ಈ ಎರಡು ಸೊನ್ನೆಗಳ ನಡುವಿನ ಬಯಲಿನಲ್ಲೇ ನಾವೆಲ್ಲ ಸಿನಿಮಾ ನೋಡುತ್ತಿರುವುದು.

ಹನ್ನೆರಡನೇ ದಿನ ನೆಟ್ ಬಂತು. ನಮ್ಮ ಕಂಪನಿಯವರು ಬಂದಿರಲಿಲ್ಲ. ಬೇರೆ ಯಾವುದೋ ಕಂಪನಿಯ ಹುಡುಗರು ಹೊಸ ಕೇಬಲ್ ಎಳೆಯಲು ಬಂದಿದ್ದರು, ಸ್ವಂತ ಏಣಿ ಇತ್ತು. ದಾರಿಗೆ ಅಡ್ಡ ಅಂತ ಶಾರದಮ್ಮನವರ ಗಂಟು ಬಿಚ್ಚಿ ಕೇಬಲ್ಲನ್ನು ಸಡಿಲವಾಗಿ ಮರಕ್ಕೆ ಬಿಟ್ಟು ಹೋದರು. ಕೆಂಪು ದೀಪ ಆರಿತು, ಹಸಿರು ಬಂತು. ಶಾರದಮ್ಮನವರಿಗೆ ಒಂದು ನೈಲಾನ್ ಹಗ್ಗ ತಂದುಕೊಟ್ಟೆ, 60 ರೂಪಾಯಿ. ಇಡೀ ಪ್ರಕರಣದಲ್ಲಿ ರಿಪೇರಿಗೆ ಅಂತ ಆದ ಖರ್ಚು ಅದೊಂದೇ.

ಅಪೀಲು ಮರೆತೇಹೋಗಿತ್ತು. ಜುಲೈ ಕೊನೆಗೆ ಒಂದು ಬೆಳಿಗ್ಗೆ ಬೆಲ್ ಆಯಿತು. ಇಸ್ತ್ರಿ ಹಾಕಿದ ಅಂಗಿಯ ಹಿರಿಯರೊಬ್ಬರು, ಹಿಂದೆ ಫೈಲ್ ಹಿಡಿದ ಸಹಾಯಕ. ‘ನಿಮ್ಮ ಮೇಲ್ಮನವಿ ವಿಚಾರಣೆ ಸರ್. ಇವತ್ತು 39ನೇ ದಿನ.’

‘ನೆಟ್ ಚೆನ್ನಾಗಿ ಬರ್ತಿದೆಯಲ್ಲಾ ಸರ್.’

‘ಬರ್ತಿರಬಹುದು. ಆದ್ರೆ ಸಿಸ್ಟಮ್‌ನಲ್ಲಿ ದೂರು ಇನ್ನೂ ಓಪನ್ ಇದೆ. ಪರೀಕ್ಷೆ ಮಾಡದೆ ಕ್ಲೋಸ್ ಮಾಡೋಕಾಗಲ್ಲ’ ಅಂತ ಹೇಳಿ ಸಹಾಯಕನ ಕಡೆ ತಿರುಗಿದರು. ‘ಒಂದ್ಸಲ ಆಫ್ ಮಾಡಿ ಆನ್ ಮಾಡಿ ನೋಡಪ್ಪಾ.’

ಅಡುಗೆಮನೆಯಿಂದ ಸೌಟು ಹಿಡಿದೇ ಬಂದ ಅಮ್ಮ ಸೆಲೋಟೇಪಿನ ಮುಂದೆ ಅಡ್ಡ ನಿಂತರು. ‘ಕೂತ್ಕೊಳ್ಳಿ, ಕಾಫಿ ಕುಡೀರಿ. ಒಟಿಪಿ ಬೇಕಾದ್ರೆ ಎರಡು ತಗೊಂಡು ಹೋಗಿ. ಸ್ವಿಚ್ಚು ಮಾತ್ರ ಮುಟ್ಟಬೇಡಿ.’